ಊಟಿಗೆ ಹೋಗೋಣ ಬಾ

ಬೆಂಗಳೂರಿನ ಗೆಳೆಯ ಫೋನ್ ಮಾಡಿದಾಗಲೆಲ್ಲ ಕೇಳುತ್ತಾನೆ, 'ನಿಮ್ಮ ರಾಯಚೂರಲ್ಲಿ ಚಿನ್ನ ಅಗ್ಗ ಅಲ್ವೇನೋ?' ಹಟ್ಟಿ ಗಣಿ ಇರುವ ಜಿಲ್ಲೆಯಲ್ಲಿ ಬೋರ್ ಹೊಡೆಸಿದರೆ ಮೊದಲು ಬಂಗಾರ, ಆಮೇಲೆ ನೀರು ಎಂದು ಅವನ ತಿಳಿವಳಿಕೆ. ನಮ್ಮ ಮನೆಯ ಬೋರಿಗೆ ಎರಡೂ ಬರಲಿಲ್ಲ. ಬಂದದ್ದು ಕಲ್ಲಿನ ಪುಡಿ, ಜತೆಗೆ ಬಿಲ್ಲು.

ಮದುವೆಯಾದ ಹೊಸತರಲ್ಲಿ ಹೆಂಡತಿಗೆ 'ಊಟಿಗೆ ಹೋಗೋಣ ಬಾ' ಅಂದಿದ್ದೆ. ಆಕೆ ದೇವದುರ್ಗದವಳು. 'ಯಾವ ಊಟಿರೀ? ಚಳಿದೋ, ಬಂಗಾರದ್ದೋ?' ಅಂದಳು. ಅವರ ತಾಲ್ಲೂಕಿನ ಊಟಿಯಲ್ಲಿ ಚಿನ್ನದ ಗಣಿಯಿದೆ. ಚಳಿಯ ಊಟಿಗೇ ಖರ್ಚು ಕಡಿಮೆ ಎಂದು ಆಗ ನನಗೆ ಹೊಳೆಯಲಿಲ್ಲ.

ಟನ್‌ಗಟ್ಟಲೆ ಕಲ್ಲು ಅರೆದರೂ ಸಿಗುವುದು ಗ್ರಾಂ ಲೆಕ್ಕದಲ್ಲಿ. ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗಂತೂ ಸಿಕ್ಕಿದ್ದು ಅಶೋಕನ ಶಾಸನ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಅದರಿಂದ ಜಗತ್ತಿಗೆ ಖಾತ್ರಿಯಾಯಿತು. ನನ್ನ ಹೆಂಡತಿಗೆ ಕೇಳಿ, 'ಅದನ್ನ ಕೊರಳಾಗ ಹಾಕ್ಕೊಳ್ಳಾಕ ಬರ್ತೈತೇನು?' ಅನ್ನುತ್ತಾಳೆ.

ಮಾನ್ವಿಯ ನಮ್ಮ ಅತ್ತೆ ದೊಡ್ಡ ಭಕ್ತೆ. ಜಗನ್ನಾಥದಾಸರ ಊರಲ್ಲವೇ, ದಾಸರ ಪದವಿಲ್ಲದೆ ಅವರಿಗೆ ಬೆಳಗಾಗುವುದಿಲ್ಲ. ಒಮ್ಮೆ ಹರಿಕಥೆಗೆ ಕರೆದೊಯ್ದರು. ಹೆಂಡತಿಯ ಮೂಗುತಿಯ ನೆಪದಲ್ಲಿ ಚಿನಿವಾರ ಶ್ರೀನಿವಾಸ ನಾಯಕ ಇದ್ದಬದ್ದ ಸಂಪತ್ತನ್ನೆಲ್ಲ ಬಿಟ್ಟು ಪುರಂದರದಾಸನಾದ ಕಥೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ಕೇಳಿದರು, 'ಆ ಮೂಗುತಿ ಎಷ್ಟು ತೂಕದ್ದಿದ್ದೀತಪಾ?'

ಹೋದ ವರ್ಷ ರಾಯಚೂರಿನ ಅಂಗಡಿಯೊಂದರಲ್ಲಿ ಬೋರಮಾಳ ತೂಗಿಸಿದೆವು. ಅಂಗಡಿಯವ ಮೊದಲು ಫ್ಯಾನ್ ಆರಿಸಿದ. ರಾಯಚೂರಿನ ಬೇಸಿಗೆ! ಗಾಳಿಗೆ ತಕ್ಕಡಿ ಅಲುಗಬಾರದಂತೆ. ಗಾಜಿನ ಪೆಟ್ಟಿಗೆಯೊಳಗಿನ ಕೆಂಪು ಅಂಕಿ ಏರುತ್ತಿದ್ದಂತೆ ನನ್ನ ಬೆವರೂ ಏರಿತು. ಹೊರಗೆ ಅಕ್ಕಸಾಲಿಗರ ಬಾಗಿಲಲ್ಲಿ ಒಬ್ಬಾತ ಕುಂಚದಿಂದ ಧೂಳು ಗುಡಿಸಿ ಬುಟ್ಟಿಗೆ ತುಂಬಿಕೊಳ್ಳುತ್ತಿದ್ದ. ಆ ಧೂಳಿಗೂ ಬೆಲೆಯಿದೆ. ಧೂಳು ತುಂಬಿದ ನನ್ನ ಚಪ್ಪಲಿಯನ್ನು ಆತ ನೋಡಿದ ರೀತಿ ನನಗೆ ಸರಿಬರಲಿಲ್ಲ.

ದಸರೆಗೆ ನಮ್ಮಲ್ಲಿ ಬನ್ನಿ ಎಲೆಯನ್ನೇ ಬಂಗಾರವೆಂದು ಹಂಚುತ್ತೇವೆ. ಹಿರಿಯರು ಎಷ್ಟು ಜಾಣರು! ನಾನೂ ಹೆಂಡತಿಯ ಕೈಗೆ ಎಲೆಯಿಟ್ಟು, 'ಬಂಗಾರದಂಗ ಇರೂಣು' ಅಂದೆ. ಎಲೆಯನ್ನು ಕಣ್ಣಿಗೊತ್ತಿಕೊಂಡು, 'ಇದು ದೇವರದಾತು. ನಂದು?' ಅಂದಳು.

ಓದುಗರೇ, ಬಂಗಾರದ ದರ ಇಳಿದ ಸುದ್ದಿ ಸಿಕ್ಕರೆ ದಯವಿಟ್ಟು ನನ್ನ ನಂಬರಿಗೇ ಫೋನ್ ಮಾಡಿ. ಮನೆಯ ನಂಬರಿಗೆ ಬೇಡ.