ತುರ್ತು ಕರೆಗಳು ಮಾತ್ರ

ಪರದೇಶದಿಂದ ಬರುವ ನೆಂಟರ ಸೂಟ್‌ಕೇಸಿಗೂ ನಮ್ಮ ಮನೆಗಳಿಗೂ ಹಳೆಯ ನಂಟು. ಗಲ್ಫಿನಿಂದ ಬಂದವರು ಟೇಪ್ ರೆಕಾರ್ಡರ್ ತಂದರು, ಸಿಂಗಪುರದಿಂದ ಬಂದವರು ಸೀಕೋ ವಾಚು ತಂದರು, ಅಮೆರಿಕದವರು ಮೊದಮೊದಲು ಚಾಕೊಲೇಟು, ಶಾಂಪೂ, ಆಮೇಲೆ ಕ್ಯಾಮೆರಾ ತಂದರು. ಇವುಗಳಲ್ಲಿ ಯಾವುದೂ ನಮ್ಮನ್ನು ಕಾಡಿದ್ದಿಲ್ಲ. ಮುಳ್ಳು ತಿರುಗಿಸಿದ ಗಳಿಗೆಯಿಂದಲೇ ಸೀಕೋ ಮೈಸೂರಿನ ವಾಚಾಗುತ್ತಿತ್ತು. ಪಿನ್ನು ಬದಲಿಸಿದ ಕೂಡಲೇ ಟೇಪ್ ರೆಕಾರ್ಡರಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಫೋನಿನ ಜಾತಿಯೇ ಬೇರೆ. ಅದು ಡಬ್ಬಿಯಿಂದ ಹೊರಬಂದು, ಮೈತುಂಬ ಬೆಳಗಿ, ಹತ್ತಾರು ಭಾಷೆಯಲ್ಲಿ ನಮಸ್ಕಾರ ಹೇಳಿ, ಕೊನೆಗೆ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದುಕೊಂಡು ಸುಮ್ಮನಾಗುತ್ತದೆ: ‘ತುರ್ತು ಕರೆಗಳು ಮಾತ್ರ’. ಅಂದರೆ ಮನೆಗೆ ಬೆಂಕಿ ಬಿದ್ದರೆ ಹೇಳಿ, ಅಡುಗೆ ಏನು ಎಂದು ಕೇಳಲು ನನ್ನ ಹತ್ತಿರ ಬರಬೇಡಿ, ಅಂತ.

ನನ್ನ ಷಡ್ಡಕರೊಬ್ಬರು ನ್ಯೂಜೆರ್ಸಿಯಲ್ಲಿದ್ದಾರೆ. ಯಾರ ಕೈಗೆ ಫೋನ್ ಇಟ್ಟರೂ ಆಶೀರ್ವಾದದಂತೆ ಒಂದು ಮಾತು ಸೇರಿಸುತ್ತಾರೆ: “ಇದು ಅನ್‌ಲಾಕ್ಡ್ ಕಣ್ರೀ. ಯಾವ ಸಿಮ್ ಬೇಕಾದ್ರೂ ಹಾಕ್ಕೊಳ್ಳಿ.” ಅವರ ಮಾತು ಸುಳ್ಳಲ್ಲ. ಸಿಮ್ ಹಾಕಿಕೊಳ್ಳಬಹುದು. ಹಾಕಿಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ಅವರು ಹೇಳಿಲ್ಲ, ನಾವೂ ಕೇಳಿಲ್ಲ. ಬಿಟ್ಟಿ ಬಂದ ಫೋನಿನ ಬ್ಯಾಂಡ್ ಕೇಳುವಷ್ಟು ಒರಟರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಅನ್‌ಲಾಕ್ಡ್ ಎಂದರೆ ಬೀಗ ತೆಗೆದದ್ದು. ಈ ಬೀಗ ಹುಟ್ಟಿದ್ದು ವ್ಯಾಪಾರದಿಂದ. ಅಮೆರಿಕದ ಮೊಬೈಲ್ ಕಂಪನಿಗಳು ಎರಡು ವರ್ಷದ ಕರಾರು ಬರೆಸಿಕೊಂಡು ದುಬಾರಿ ಫೋನನ್ನು ಅಗ್ಗಕ್ಕೆ ಕೊಡುತ್ತಿದ್ದವು. ಗಿರಾಕಿ ಫೋನ್ ಎತ್ತಿಕೊಂಡು ಎದುರಂಗಡಿಗೆ ಹೋದರೆ ಗತಿಯೇನು? ಬೇರೆಯವರ ಸಿಮ್ ಹಾಕಿದರೆ ಒಪ್ಪಬಾರದು ಎಂದು ಫೋನಿನ ತಲೆಯೊಳಗೇ ಬರೆದಿಟ್ಟರು. 2007ರಲ್ಲಿ ಮೊದಲ ಐಫೋನ್ ಬಂದಾಗ ಅಲ್ಲಿ ಅದು ಎಟಿ ಆ್ಯಂಡ್ ಟಿ ಸಿಮ್ಮಿಗೆ ಮಾತ್ರ ನಿಷ್ಠವಾಗಿತ್ತು. ಆ ಆಗಸ್ಟಿನಲ್ಲೇ ನ್ಯೂಜೆರ್ಸಿಯ ಹದಿನೇಳು ವರ್ಷದ ಹುಡುಗ ಜಾರ್ಜ್ ಹಾಟ್ಜ್, ಬೆಸುಗೆ ಕಡ್ಡಿ ಹಿಡಿದು ಕುಳಿತು ಆ ನಿಷ್ಠೆಯನ್ನು ಕೆಡಿಸಿದ. ಹಾಗೆ ಕೆಡಿಸಿದ ಫೋನನ್ನು ಕೊಟ್ಟು ಒಂದು ನಿಸಾನ್ ಕಾರನ್ನೂ ಮೂರು ಹೊಸ ಐಫೋನನ್ನೂ ಪಡೆದ. ಬೀಗ ಮುರಿದವನಿಗೆ ಕಾರು ಸಿಕ್ಕುವುದು ಆ ದೇಶದಲ್ಲೇ ಸರಿ. ಮುಂದೆ 2013ರ ಜನವರಿಯಲ್ಲಿ, ಕಂಪನಿಯ ಅಪ್ಪಣೆಯಿಲ್ಲದೆ ಹೊಸ ಫೋನಿನ ಬೀಗ ತೆಗೆಯುವುದು ಅಲ್ಲಿ ಅಪರಾಧವೆಂದಾಯಿತು. ಜನ ಬೊಬ್ಬೆ ಹಾಕಿದರು. 2014ರ ಆಗಸ್ಟ್ 1ರಂದು ಒಬಾಮ ಸಹಿ ಹಾಕಿ, ತೆಗೆಯಬಹುದು ಎಂಬ ಕಾನೂನು ತಂದರು. ನಮ್ಮ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಹುಡುಗರು ಅಷ್ಟು ದಿನ ಕಾದವರಲ್ಲ. ಅಂಗೈಯಗಲದ ಅಂಗಡಿಯಲ್ಲಿ ಫೋನನ್ನು ಮಗುಚಿ ನೋಡಿ, “ಅಂಕಲ್, ಕೋಡ್ ತರಿಸ್ಬೇಕು, ನಾಡಿದ್ದು ಬನ್ನಿ. ಅಲ್ಲೀವರ್ಗೂ ನಿಮ್ ತಲೆಗೆ ಬಂದ ನಂಬರ್ ಒತ್ಬೇಡಿ, ಪೂರ್ತಿ ಲಾಕ್ ಆಗೋಗತ್ತೆ” ಎಂದು ಅವರು ಕೊಡುತ್ತಿದ್ದ ಎಚ್ಚರಿಕೆಯಲ್ಲಿ ವೈದ್ಯರ ಗಾಂಭೀರ್ಯವಿತ್ತು.

ಅದಕ್ಕೂ ಹಿಂದಿನ ಕಾಲದಲ್ಲಿ ಇನ್ನೊಂದು ಬಗೆಯ ಫೋನುಗಳು ಬರುತ್ತಿದ್ದವು. ಅವಕ್ಕೆ ಬೀಗದ ಮಾತಿರಲಿ, ಸಿಮ್ ತೂರಿಸಲು ಸಂದೇ ಇರಲಿಲ್ಲ. ಅಮೆರಿಕದ ವೆರೈಝನ್, ಸ್ಪ್ರಿಂಟ್ ಕಂಪನಿಗಳು ಸಿಡಿಎಂಎ ಎಂಬ ಪಂಥಕ್ಕೆ ಸೇರಿದ್ದವು. ಫೋನ್ ನಂಬರನ್ನು ಉಪಕರಣದ ಹೊಟ್ಟೆಯೊಳಗೇ ಬರೆದು ಕೊಡುತ್ತಿದ್ದವು. ನಮ್ಮಲ್ಲಿ ರಿಲಯನ್ಸ್ 2003ರಲ್ಲಿ 501 ರೂಪಾಯಿಗೆ ಹಂಚಿದ್ದೂ, ಟಾಟಾ ಇಂಡಿಕಾಂ ಮಾರಿದ್ದೂ ಇದೇ ಪಂಥದ ಫೋನು. ಪಂಥ ಒಂದೇ ಆದರೂ ಪಂಕ್ತಿ ಬೇರೆ. ಅವರ ಫೋನು ಇವರಿಗೆ ನಡೆಯುತ್ತಿರಲಿಲ್ಲ. ಹೀಗೆ ಬಂದ ಒಂದು ಮಡಚುವ ಫೋನು ನಮ್ಮ ಸೋದರತ್ತೆಯ ದೇವರ ಕೋಣೆಯಲ್ಲಿ ಬಹಳ ಕಾಲ ಅಲಾರಂ ಆಗಿ ಸೇವೆ ಸಲ್ಲಿಸಿತು. ಯಾರ ಕರೆಯೂ ಬಾರದ್ದರಿಂದ ಪೂಜೆಗೆ ಭಂಗವಿಲ್ಲ ಎಂಬ ಪ್ರಶಂಸೆಗೂ ಪಾತ್ರವಾಯಿತು.

ಬೀಗ ತೆಗೆದದ್ದಾಯಿತು, ಸಿಮ್ ಕೂತದ್ದಾಯಿತು. ಈಗ ಬ್ಯಾಂಡಿನ, ಅಂದರೆ ಫೋನೂ ಗೋಪುರವೂ ಮಾತಾಡಿಕೊಳ್ಳುವ ಅಲೆಯ ವಿಚಾರ. ಹಿಂದೆ ಮೈಸೂರಿಗೆ ಮೀಟರ್ ಗೇಜ್ ಹಳಿ ಇದ್ದಾಗ ಬ್ರಾಡ್ ಗೇಜಿನ ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಬೆಂಗಳೂರು ದಾಟಿ ಈ ಕಡೆ ಬರುವಂತಿರಲಿಲ್ಲ. ಫೋನಿನ ಸಂಗತಿಯೂ ಅಷ್ಟೇ. 2ಜಿ ಕಾಲದಲ್ಲಿ ಭಾರತದ ಗೋಪುರಗಳು 900 ಮತ್ತು 1800 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದರೆ ಅಮೆರಿಕದವು 850 ಮತ್ತು 1900ರಲ್ಲಿ ಮಾತಾಡುತ್ತಿದ್ದವು. ನಾಲ್ಕನ್ನೂ ಬಲ್ಲ ಫೋನನ್ನು ಕ್ವಾಡ್ ಬ್ಯಾಂಡ್ ಎಂದು ಡಬ್ಬಿಯ ಮೇಲೆ ಮೆರೆಸುತ್ತಿದ್ದರು. 4ಜಿ ಬಂದ ಮೇಲಂತೂ ಬ್ಯಾಂಡುಗಳಿಗೆ ನಂಬರ್ ಕೊಟ್ಟು ಪಂಚಾಂಗವನ್ನೇ ಬರೆದರು. ನಮ್ಮಲ್ಲಿ 3, 5, 40. ಅಲ್ಲಿ 2, 4, 5, 12, 13, 66, 71. ಒಂದೆರಡು ಎರಡೂ ಕಡೆ ಸಿಗುತ್ತವೆ, ಉಳಿದವು ಮುಖವನ್ನೇ ನೋಡಿಲ್ಲ. ಆದ್ದರಿಂದ ತಂದ ಫೋನು ಪೂರ್ತಿ ಮೂಕವೂ ಆಗುವುದಿಲ್ಲ, ಪೂರ್ತಿ ಮಾತೂ ಆಡುವುದಿಲ್ಲ. ಒಂದು ಕಡ್ಡಿ ಸಿಗ್ನಲ್ ತೋರಿಸಿಕೊಂಡು, ಬರುತ್ತೇನೆ ಬರುತ್ತೇನೆ ಎನ್ನುವ ಪ್ಲಂಬರನ ಹಾಗೆ ನಮ್ಮ ಆಸೆಯನ್ನು ಜೀವಂತ ಇಡುತ್ತದೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ಈ ಕಥೆಗೆ ಹೊಸ ತಿರುವು ಸಿಕ್ಕಿತು. ಬೇರೆ ಕಂಪನಿಗಳಲ್ಲಿ ಇಂಟರ್ನೆಟ್ಟಿಗೆ 4ಜಿ, ಮಾತಿಗೆ ಹಳೆಯ 2ಜಿ ಅಥವಾ 3ಜಿ ಎಂದು ಎರಡು ದಾರಿಗಳಿದ್ದವು. ಜಿಯೋ ಹತ್ತಿರ ಹಳೆಯ ದಾರಿಯೇ ಇರಲಿಲ್ಲ. ಮಾತೂ 4ಜಿಯ ಮೇಲೇ ಹೋಗಬೇಕು. ಅದಕ್ಕೆ ವೋಲ್ಟಿ ಎನ್ನುತ್ತಾರೆ. ಇದು ಫೋನಿನ ತಂತ್ರಾಂಶ ಆಯಾ ಕಂಪನಿಯನ್ನು ಗುರುತಿಸಿ ಒಪ್ಪಿಕೊಂಡರೆ ಮಾತ್ರ ನಡೆಯುವ ವ್ಯವಹಾರ. ಅಮೆರಿಕದ ಫೋನಿಗೆ ಅಮೆರಿಕದ ಕಂಪನಿಗಳ ಪರಿಚಯವಷ್ಟೇ ಮಾಡಿಸಿ ಕಳಿಸಿರುತ್ತಾರೆ. ಹೀಗಾಗಿ ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರ ಫೋನಿನಲ್ಲಿ ಸಿನಿಮಾ ಓಡುತ್ತಿತ್ತು, ನ್ಯೂಜೆರ್ಸಿಯ ಮೊಮ್ಮಗಳು ವಾಟ್ಸ್ಆ್ಯಪಿನಲ್ಲಿ ನಗುತ್ತಿದ್ದಳು, ಆದರೆ ಎರಡು ಬೀದಿ ಆಚೆಯ ಹಾಲಿನವನಿಗೆ ಫೋನ್ ಹೋಗುತ್ತಿರಲಿಲ್ಲ. “ಖಂಡಾಂತರ ಆಗುತ್ತೆ, ಬೀದ್ಯಂತರ ಆಗಲ್ಲ” ಎಂದು ಅವರು ಕನ್ನಡ ಮೇಷ್ಟರಂತೆಯೇ ದುಃಖ ತೋಡಿಕೊಂಡರು. ಇಂಥವರಿಗಾಗಿ ಜಿಯೋ ಒಂದು ಆ್ಯಪನ್ನೂ ಬಿಟ್ಟಿತ್ತು. ಅದರ ಮೂಲಕ ಕರೆ ಮಾಡಬಹುದಿತ್ತು. ಅಷ್ಟರಲ್ಲಿ ಹಾಲಿನವನೇ ವಾಟ್ಸ್ಆ್ಯಪಿಗೆ ಬಂದ.

ಕೆಲವೊಮ್ಮೆ ಇದಕ್ಕೆ ತದ್ವಿರುದ್ಧ: ಮಾತು ಹೋಗುತ್ತದೆ, ಇಂಟರ್ನೆಟ್ ಬರುವುದಿಲ್ಲ. ಆಗ ಊರಿನ ಪ್ರತಿಭೆಗಳು ರಂಗಕ್ಕೆ ಬರುತ್ತಾರೆ. ಪ್ರತಿ ಸಿಮ್ಮಿನ ಒಳಗೊಂದು ಉದ್ದನೆಯ ಸಂಖ್ಯೆಯಿದೆ. ಅದರ ಮೊದಲ ಮೂರಂಕಿ ದೇಶವನ್ನು ಹೇಳುತ್ತದೆ: ನಮ್ಮದು 404, 405, ಅಮೆರಿಕದ್ದು 310ರ ಆಸುಪಾಸು. ಅದನ್ನು ಓದಿ ಫೋನು ಇಂಟರ್ನೆಟ್ಟಿನ ಬಾಗಿಲು ಯಾವುದೆಂದು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ನಾವೇ ಕೈಯಾರೆ ಬರೆಯಬೇಕು. ಎಪಿಎನ್ ಎನ್ನುವುದು ಇದನ್ನೇ. ಜಿಯೋ ಆದರೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್ ಆದರೆ ‘ಬಿಎಸ್‌ಎನ್‌ಎಲ್‌ನೆಟ್’, ಅಷ್ಟೇ. ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗಿ ಇದರಲ್ಲಿ ಪರಿಣತೆ. “ಎಲ್ಲಾ ಚಿಕ್ಕಕ್ಷರ ಅಜ್ಜಿ, ಮಧ್ಯ ಜಾಗ ಬಿಡ್ಬಾರ್ದು” ಎಂದು ಅವಳು ಬೀಜಾಕ್ಷರ ಉಪದೇಶಿಸುವುದನ್ನೂ, ಅಜ್ಜಿ ಅದನ್ನು ಎಲ್‌ಐಸಿ ಪಾಲಿಸಿ ನಂಬರಿನ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದನ್ನೂ ನೋಡುವುದೇ ಚೆಂದ. ಮಂತ್ರ ಫಲಿಸಿದ ಕೂಡಲೇ ತಡೆದಿದ್ದ ಗುಡ್ ಮಾರ್ನಿಂಗ್ ಸಂದೇಶಗಳೆಲ್ಲ ದಬದಬನೆ ಬಂದು ಬೀಳುತ್ತವೆ.

ಫೋನುಗಳು ಆ ಕಡೆಯಿಂದ ಮಾತ್ರ ಬರುವುದಿಲ್ಲ, ಈ ಕಡೆಯಿಂದಲೂ ಹೋಗುತ್ತವೆ. ಸೊಸೆಯ ಬಾಣಂತನಕ್ಕೆಂದು ಹಪ್ಪಳ, ಚಟ್ನಿಪುಡಿ, ಅಂಟಿನುಂಡೆಯ ಜೊತೆ ಹೊರಟ ದಂಪತಿಯ ಕೈಯಲ್ಲಿ ಬೆಂಗಳೂರಲ್ಲಿ ಕೊಂಡ ಫೋನಿರುತ್ತದೆ. ಅದಕ್ಕೆ ಬೀಗವಂತೂ ಇಲ್ಲ, ಮೇಲೆ ಎರಡು ಸಿಮ್ಮಿನ ಗತ್ತು ಬೇರೆ. ಅಲ್ಲಿ ಇಳಿದರೆ ಕಾಲ ಬದಲಾಗಿರುತ್ತದೆ. ಎಟಿ ಆ್ಯಂಡ್ ಟಿ 2017ರ ಆರಂಭದಲ್ಲಿ 2ಜಿಯನ್ನು ಮುಚ್ಚಿತು. 2022ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳೆಲ್ಲ 3ಜಿಗೂ ಎಳ್ಳುನೀರು ಬಿಟ್ಟವು. ಈಗ ವೋಲ್ಟಿ ಇಲ್ಲದೆ ಮಾತಿಲ್ಲ. ಎಟಿ ಆ್ಯಂಡ್ ಟಿಯಂತೂ ತನಗೆ ಒಪ್ಪಿಗೆಯಾದ ಫೋನುಗಳದೇ ಪಟ್ಟಿ ಮಾಡಿಕೊಂಡಿತು. ಅದರಲ್ಲಿ ಹೆಸರಿಲ್ಲದ ಫೋನು ಬ್ಯಾಂಡು ಹೊಂದಿದರೂ ಒಳಗೆ ಬರುವಂತಿಲ್ಲ. ಸಂಬಂಧಕ್ಕೆ ಜಾತಕ ಕೂಡಿಬಂದರೂ ಹುಡುಗಿಯ ತಾಯಿಗೆ ಇಷ್ಟವಿಲ್ಲ ಎಂಬಂಥ ಪ್ರಸಂಗ.

ಒಳಗೆ ಬಿಟ್ಟುಕೊಂಡ ಕಂಪನಿಯಲ್ಲೂ ಇನ್ನೊಂದು ತೊಡಕು. ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. ಅಲ್ಲಿ ಆ ಕೆಲಸ ಮಾಡುವ 600, 700 ಮೆಗಾಹರ್ಟ್ಸಿನ ಬ್ಯಾಂಡುಗಳು ಇಲ್ಲಿ ಕೊಂಡ ಎಷ್ಟೋ ಫೋನುಗಳಲ್ಲಿಲ್ಲ. ಪರಿಣಾಮ: ಮನೆಯೊಳಗೆ ಸಿಗ್ನಲ್ ಇಲ್ಲ, ಹೊರಗೆ ಉಂಟು. ಹಿಮ ಬೀಳುತ್ತಿರುವಾಗ ಮಂಕಿಟೋಪಿ ಹಾಕಿಕೊಂಡು, ಪಂಚೆಯ ಮೇಲೆ ಓವರ್‌ಕೋಟು ಧರಿಸಿ, ಮಗನ ಕಾರಿನ ಪಕ್ಕ ನಿಂತು ಜಯನಗರದ ತಮ್ಮನ ಜೊತೆ ಸೈಟಿನ ಖಾತೆ ವಿಷಯ ಚರ್ಚಿಸುವ ಹಿರಿಯರನ್ನು ಕಂಡರೆ ಅವರಿಗೆ ಹುಚ್ಚೆಂದು ತಿಳಿಯಬೇಡಿ. ಅವರ ಫೋನಿನಲ್ಲಿ ಬ್ಯಾಂಡ್ 71 ಇಲ್ಲ.

ಇನ್ನು ಓಟಿಪಿ. ಎರಡನೆಯ ಸಂದಿಯಲ್ಲಿ ಊರಿನ ಸಿಮ್ಮನ್ನು ಜೋಪಾನವಾಗಿಟ್ಟಿರುವುದೇ ಅದಕ್ಕಾಗಿ. ಪಿಂಚಣಿ ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು ಎಲ್ಲವೂ ಆ ನಂಬರಿಗೇ ಗಂಟುಬಿದ್ದಿವೆ. ಬ್ಯಾಂಕಿನ ಬಾಗಿಲು ತೆರೆಯುವಾಗ ಅಲ್ಲಿ ನಟ್ಟಿರುಳು. ಮೊಮ್ಮಗು ಅತ್ತದ್ದಕ್ಕೆ ಏಳದ ತಾತ, ಆರಂಕಿಯ ಸಂದೇಶ ಬಂದ ಸದ್ದಿಗೆ ಧಡಕ್ಕನೆ ಏಳುತ್ತಾರೆ. ಕನ್ನಡಕ ಸಿಗುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತದೆ. ಇತ್ತ ರಜಕ್ಕೆ ಊರಿಗೆ ಬಂದ ಮಗನ ಪಾಡೂ ಇಷ್ಟೇ: ಆಧಾರ್ ಇಲ್ಲದ ಅವನು ಸಿಮ್ ಅಂಗಡಿಯಲ್ಲಿ ಪಾಸ್‌ಪೋರ್ಟಿನ ನಕಲು, ಫೋಟೋ ಎಂದು ಅಲೆದು, ಕಡೆಗೆ ಅಮ್ಮನ ಹೆಸರಿನ ಹಳೆಯ ಸಿಮ್ಮಿಗೇ ಶರಣಾಗುತ್ತಾನೆ. ಅಮ್ಮನ ಸೀರೆ ಅಂಗಡಿಯವರೂ ಭಜನಾ ಮಂಡಳಿಯವರೂ ತಿಂಗಳಿಡೀ ಅವನಿಗೇ ಫೋನ್ ಮಾಡುತ್ತಾರೆ.

ಹುಟ್ಟಿದೂರಿನ ಸಂಸ್ಕಾರ ಫೋನನ್ನೂ ಬಿಡುವುದಿಲ್ಲ. ಜಪಾನಿನಲ್ಲಿ ಮಾರುವ ಐಫೋನಿನ ಕ್ಯಾಮೆರಾ ಕ್ಲಿಕ್ ಎಂದು ಸದ್ದು ಮಾಡಿಯೇ ಫೋಟೋ ತೆಗೆಯುವಂತೆ ಮಾಡಿದ್ದಾರೆ, ಕದ್ದು ತೆಗೆಯಬಾರದೆಂದು. ದುಬೈನಲ್ಲಿ ಕೊಂಡ ಐಫೋನುಗಳಲ್ಲಿ ಬಹುಕಾಲ ಫೇಸ್‌ಟೈಮ್ ಇರಲಿಲ್ಲ. ಚೀನಾದಲ್ಲಿ ಮಾರುವ ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ಲಿನ ಅಂಗಡಿಯೇ ಇರುವುದಿಲ್ಲ. ಬೀಗ ಎಲ್ಲದರಲ್ಲೂ ತೆರೆದೇ ಇರಬಹುದು, ಆದರೂ ಫೋನು ಎಲ್ಲಿಯದೋ ಅಲ್ಲಿಯದೇ. ಕೈಗೆ ಸಂಕೋಲೆ ಇಲ್ಲದಿರುವುದು ಒಂದು, ಹೋದಲ್ಲಿ ನಾಲ್ಕು ಜನ ಗುರುತು ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಕಾನೂನು ಕೊಡಿಸಬಹುದು. ಎರಡನೆಯದನ್ನು ಆಯಾ ಊರಿನ ಗೋಪುರವೇ ಕೊಡಬೇಕು.

2022ರಿಂದ ಅಮೆರಿಕದಲ್ಲಿ ಮಾರುವ ಹೊಸ ಮಾದರಿಯ ಐಫೋನುಗಳಲ್ಲಿ ಸಿಮ್ಮಿನ ಸಂದಿಯನ್ನೇ ಮುಚ್ಚಿದ್ದಾರೆ. ಎಲ್ಲ ಇ-ಸಿಮ್, ಕಣ್ಣಿಗೆ ಕಾಣದ್ದು. ಸಿಮ್ಮನ್ನು ಚೀಟಿಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡ ನಮ್ಮ ಚಿಕ್ಕಮ್ಮ, ನನ್ನ ಷಡ್ಡಕರು ಕೊಟ್ಟ ಫೋನನ್ನು ನಾಲ್ಕೂ ಬದಿ ತಿರುಗಿಸಿ ನೋಡಿ, “ಇದಕ್ಕೆ ಬಾಯೇ ಇಲ್ವಲ್ಲೋ” ಎಂದರು.

ಕಡೆಯದಾಗಿ ಒಂದು ಸಮಾಚಾರ. ಕೋಲಾರದ ಹತ್ತಿರ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಾರೆ, ದೇವನಹಳ್ಳಿಯಲ್ಲೂ ಜೋಡಿಸುತ್ತಾರೆ. ಭಾರತದಲ್ಲಿ ಜೋಡಿಸಿದ ಫೋನುಗಳು ಈಗ ದೊಡ್ಡ ಪ್ರಮಾಣದಲ್ಲಿ ಅಮೆರಿಕಕ್ಕೆ ಹೋಗುತ್ತಿವೆ. ಅಂದರೆ ನೀವು ನೆಂಟರಿಂದ ತರಿಸಿಕೊಳ್ಳುವ ಫಾರಿನ್ ಫೋನು ನಿಮ್ಮೂರ ಪಕ್ಕದಲ್ಲೇ ಹುಟ್ಟಿ, ಸಮುದ್ರ ದಾಟಿ, ಸಂದಿ ಮುಚ್ಚಿಸಿಕೊಂಡ ಸ್ಥಿತಿಯಲ್ಲಿ ನಿಮ್ಮ ಮನೆಗೆ ಬಂದದ್ದಿರಬಹುದು. ಆದ್ದರಿಂದ ಓದುಗರಲ್ಲಿ ವಿನಂತಿ: ನಾಳೆ ವಿಮಾನ ಹತ್ತುವ ನೆಂಟರು ಏನು ತರಲಿ ಎಂದು ಕೇಳಿದರೆ ಚಾಕೊಲೇಟು ಎನ್ನಿ. ಫೋನನ್ನು ಮಾತಾಡುವ ಊರಿನಲ್ಲೇ ಕೊಳ್ಳಿ.