ಮಡ್‌ಗಾರ್ಡ್ ಮೀಮಾಂಸೆ

ಹಾವೇರಿ ಸೀಮೆಯ ವಾಹನಶಾಸ್ತ್ರವನ್ನು ‘ಹತ್ತು’ ಎಂಬ ಒಂದೇ ಕ್ರಿಯಾಪದದಲ್ಲಿ ಹೇಳಿ ಮುಗಿಸಬಹುದು. ಪಿಕಪ್ಪಿನ ಮಾಲೀಕ ದೊಡ್ಡ ಟಾಯರ್ ಹಾಕಿಸುವುದು ಗಾಡಿ ಏರು ಹತ್ತಲಿ ಎಂದು. ಹಾಕಿಸಿ ಗ್ಯಾರೇಜಿನಿಂದ ಹೊರಗೆ ತಿರುಗಿಸುವಷ್ಟರಲ್ಲಿ ಟಾಯರ್ ಮಡ್‌ಗಾರ್ಡಿಗೆ ಹತ್ತುತ್ತದೆ. ‘ಹತ್ತಿದರ ಹತ್ತಲಿ, ಸವದು ತಾನ ಜಾಗಾ ಮಾಡ್ಕೋತೈತಿ’ ಎಂದು ಹಾಗೇ ಓಡಿಸಿದರೆ, ಮೋಟೆಬೆನ್ನೂರು ಮುಟ್ಟುವ ಮೊದಲೇ ರಬ್ಬರಿಗೆ ಬೆಂಕಿ ಹತ್ತಿದ ವಾಸನೆ. ಏರುವುದು, ತಾಗುವುದು, ಉರಿಯುವುದು: ವೈಯಾಕರಣರು ಇದನ್ನು ಒಂದೇ ಧಾತುವಿನ ಅರ್ಥವಿಸ್ತಾರ ಎಂದು ಕೈಬಿಡುತ್ತಾರೆ. ಗ್ಯಾರೇಜಿನವರು ಮಾತ್ರ ಈ ಮೂರರ ನಡುವೆ ಕಾರ್ಯಕಾರಣ ಸಂಬಂಧವನ್ನು ಕಾಣಬಲ್ಲರು. ಪ್ರಸ್ತುತ ಪ್ರಬಂಧವು ಗ್ಯಾರೇಜಿನವರ ಪಕ್ಷವನ್ನು ಹಿಡಿದು, ಆದರೆ ಅವರು ಕೊಡುವ ಪರಿಹಾರವನ್ನು ಖಂಡಿಸಿ, ಒಂದೇ ಮಾತನ್ನು ಸಾಧಿಸಲು ಹೊರಟಿದೆ. ಗಾಡಿಯನ್ನು ಎತ್ತರಿಸಿದ ಮಾತ್ರಕ್ಕೆ ದೊಡ್ಡ ಟಾಯರಿಗೆ ಜಾಗ ಹುಟ್ಟುವುದಿಲ್ಲ. ಎತ್ತರವೇ ಬೇರೆ ಪದಾರ್ಥ, ಜಾಗವೇ ಬೇರೆ ಪದಾರ್ಥ.

ಮೊದಲು ಗಣಿತ. ಬೊಲೆರೊ ಜಾತಿಯ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಟಾಯರಿನ ಮೈಮೇಲೆ 215/75 ಆರ್ 15 ಎಂಬ ಶಾಸನವಿರುತ್ತದೆ. 215 ಎಂದರೆ ಮಿಲಿಮೀಟರಿನಲ್ಲಿ ಅಗಲ. ಆ ಅಗಲದ ಶೇ. 75ರಷ್ಟು ಪಕ್ಕದ ಗೋಡೆಯ ಎತ್ತರ. 15 ಇಂಚು ಡಿಸ್ಕಿನ ಅಳತೆ. ಕೂಡಿಸಿದರೆ ಟಾಯರಿನ ಒಟ್ಟು ಎತ್ತರ 703.5 ಮಿಲಿಮೀಟರ್. ಮಾಲೀಕನ ಕಣ್ಣು ಬೀಳುವುದು 235/75ರ ಮೇಲೆ. ಅದರ ಎತ್ತರ 733.5. ಅಂದರೆ ನಾಲ್ಕು ಟಾಯರಿನ ದುಡ್ಡು ಕೊಟ್ಟು ಕೊಂಡ ಎತ್ತರ 30 ಮಿಲಿಮೀಟರ್. ಅದರಲ್ಲೂ ಅರ್ಧ ಅಚ್ಚಿನ ಮೇಲೆ ಹೋಗುವುದರಿಂದ ಗಾಡಿ ನೆಲದಿಂದ ನಿಜವಾಗಿ ಏರಿದ್ದು 15 ಮಿಲಿಮೀಟರ್, ಒಂದು ತೆಳ್ಳನೆ ಸಜ್ಜಿರೊಟ್ಟಿಯ ಮೇಲೆ ಚಟ್ನಿ ಹಚ್ಚಿ ಇನ್ನೆರಡು ರೊಟ್ಟಿ ಪೇರಿಸಿದಷ್ಟು. ಅಗಲ ಹೆಚ್ಚಿದ್ದು 20. ಒಳಗೆ ಹತ್ತು, ಹೊರಗೆ ಹತ್ತು. ಸಂಖ್ಯಾವಾಚಕವಾದ ‘ಹತ್ತು’ ಇಲ್ಲಿ ಬಂದು ಕ್ರಿಯಾಪದವಾದ ‘ಹತ್ತು’ವಿಗೆ ಮೂಲಕಾರಣವಾಗುವುದನ್ನು ಭಾಷಾಶಾಸ್ತ್ರಜ್ಞರು ಗಮನಿಸಬೇಕು. ಮೀಟರಿನ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು: ಮೀಟರ್ 60 ತೋರಿಸುವಾಗ ಗಾಡಿ ಸುಮಾರು 62.5ರಲ್ಲಿ ಓಡುತ್ತಿರುತ್ತದೆ, ನೂರು ಕಿಲೋಮೀಟರ್ ಓಡಿದರೂ ಮೀಟರಿನಲ್ಲಿ ಏರುವುದು 96ಕ್ಕೂ ಚೂರು ಕಡಿಮೆ. ದೊಡ್ಡ ಟಾಯರ್ ಹಾಕಿಸಿದ ಮೇಲೆ ‘ಅವರೇಜ್ ಬಿತ್ತು’ ಎಂದು ಡೀಸೆಲ್ ಬಂಕಿನವನನ್ನು ಬೈಯುವವರ ಅರ್ಧ ಬೈಗುಳ ಮೀಟರಿಗೆ ಸಲ್ಲಬೇಕಾದದ್ದು.

ಟಾಯರ್ ಹತ್ತುತ್ತಿದೆ ಎಂಬುದನ್ನು ತಿಳಿಯುವುದು ಹೇಗೆ? ನಮ್ಮ ತರ್ಕಶಾಸ್ತ್ರ ಹೇಳಿದ ಪ್ರಮಾಣಗಳಲ್ಲಿ ಮೂರು ಇಲ್ಲಿ ಕೆಲಸಕ್ಕೆ ಬರುತ್ತವೆ. ಪ್ರತ್ಯಕ್ಷಕ್ಕೆ ಮಡ್‌ಗಾರ್ಡಿನೊಳಗೆ ತಲೆ ಹಾಕಿ ನೋಡಬೇಕು. ಸುತ್ತಲೂ ಧೂಳು ಮೆತ್ತಿದ ತಗಡಿನ ನಡುವೆ ಒಂದೇ ಒಂದು ಕಡೆ, ಅಂಗೈ ಅಗಲ, ಬಣ್ಣ ಹೋಗಿ ಕಪ್ಪಗೆ ಮಿರಮಿರ ಮಿಂಚುತ್ತಿರುತ್ತದೆ; ಬೆರಳಾಡಿಸಿದರೆ ಮಸಿ. ಅನುಮಾನ ಪ್ರಮಾಣಕ್ಕೆ ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ಹಳೆಯ ಉದಾಹರಣೆಯೇ ಸಾಕು, ಬೆಟ್ಟದ ಜಾಗದಲ್ಲಿ ಗಾಲಿ ಎಂದು ಓದಿಕೊಂಡರಾಯಿತು. ಇನ್ನು ಶಬ್ದ ಪ್ರಮಾಣ. ಶಬ್ದವೆಂದರೆ ಆಪ್ತವಾಕ್ಯ ಎಂದು ನೈಯಾಯಿಕರು ಅರ್ಥ ಹೇಳಿದ್ದು ಅವರು ಪಿಕಪ್ ಓಡಿಸದೇ ಇದ್ದುದರ ಫಲ. ಫುಲ್ ಕಟ್ ಹೊಡೆದಾಗ ಎಡಗಡೆಯಿಂದ ಏಳುವ ‘ಸರ್ರ್’ ಎಂಬುದೇ ಶಬ್ದ ಪ್ರಮಾಣ. ಕ್ಲೀನರ್ ಹೇಳುವ ‘ಏನೂ ಆಗಂಗಿಲ್ಲ, ಹೊಡೀರಿ’ ಎಂಬ ಆಪ್ತವಾಕ್ಯಕ್ಕಿಂತ ಅದು ಎಷ್ಟೋ ನಂಬಿಕೆಗೆ ಅರ್ಹ.

ಈಗ ಇತಿಹಾಸದ ಸಾಕ್ಷ್ಯ. ಇದೇ ಎರಿ ಭೂಮಿಯಲ್ಲಿ ತಲೆಮಾರುಗಳ ಕಾಲ ಎದೆಮಟ್ಟದ ಗಾಲಿಯ ಚಕ್ಕಡಿ ಓಡಾಡಿದೆ. ಇಂದಿನ ಯಾವ ಪಿಕಪ್ಪಿನ ಗಾಲಿಯೂ ಅದರ ಸಮಕ್ಕೆ ಬರಲಾರದು. ಆದರೂ ಚಕ್ಕಡಿಯ ಗಾಲಿ ಎಲ್ಲಿಗೂ ಹತ್ತಿದ ದಾಖಲೆಯಿಲ್ಲ. ಕಾರಣ ಮೂರು. ಗಾಲಿ ಅಚ್ಚಿನ ಮೇಲೆ ತಾನೊಂದೇ ಎಡಕ್ಕೆ ಬಲಕ್ಕೆ ಹೊರಳುವುದಿಲ್ಲ, ತಿರುಗುವ ಕೆಲಸವೆಲ್ಲ ಎತ್ತುಗಳದ್ದು. ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಇಲ್ಲದ್ದರಿಂದ ಹೇರು ಬಿದ್ದರೂ ಚಕ್ಕಡಿ ಗಾಲಿಯ ಮೇಲೆ ಕೂರುವುದಿಲ್ಲ. ಮೇಲೆ ಮಡ್‌ಗಾರ್ಡೂ ಇಲ್ಲ; ಕೆಸರು ಸಿಡಿದರೆ ಹಿಂದೆ ಬರುವವನ ಹಣೆಬರಹ. ಹಾಗಾದರೆ ಟಾಯರ್ ಹತ್ತುವುದೆಂದರೇನು? ಸ್ಟೇರಿಂಗ್, ಪಾಟಾ, ಮಡ್‌ಗಾರ್ಡ್ ಎಂಬ ಮೂರು ಸುಖಗಳ ಸಂಯುಕ್ತ ಫಲ. ಈ ಮೂರರಲ್ಲಿ ಒಂದನ್ನು ಮಾತ್ರ ಮುಟ್ಟಿ ಉಳಿದೆರಡನ್ನು ಮರೆತವನು ಪರಿಹಾರ ಕಂಡೆನೆಂದು ಹೇಳಿಕೊಳ್ಳಲಾರ.

ಗಾಡಿ ಎತ್ತರಿಸುವವರು ಮಾಡುವುದು ಸರಿಯಾಗಿ ಇದನ್ನೇ. ಇವರನ್ನು ಏರಿಕೆವಾದಿಗಳು ಎಂದು ಕರೆಯೋಣ. ಇವರು ಪಾಟಾಕ್ಕೆ ಒಂದು ಪ್ಲೇಟು ಹೆಚ್ಚಿಗೆ ಹಾಕುತ್ತಾರೆ, ಇಲ್ಲವೇ ಪಾಟಾ ಮತ್ತು ಅಚ್ಚಿನ ಹೌಸಿಂಗಿನ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದನೆಯ ಯು ಬೋಲ್ಟ್ ಬಿಗಿಯುತ್ತಾರೆ. ಗಾಡಿ ಮೂರು ಇಂಚು ಏರಿ ನಿಲ್ಲುತ್ತದೆ. ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಯುವಷ್ಟು ಸಂದು. ಮಾಲೀಕ ಆ ಸಂದಿನಲ್ಲಿ ಕೈಯಾಡಿಸಿ ತೃಪ್ತನಾಗುತ್ತಾನೆ. ಆದರೆ ಅದು ನಿಂತ ಗಾಡಿಯ ಸಂದು, ಅದೂ ಖಾಲಿ ಗಾಡಿಯದ್ದು. ಗಾಲಿ ಮೇಲಕ್ಕೆ ಎಲ್ಲಿಯವರೆಗೆ ಬರಬಹುದು ಎಂಬುದನ್ನು ತೀರ್ಮಾನಿಸುವುದು ಪಾಟಾ ಅಲ್ಲ, ಚಾಸಿಗೆ ಕಚ್ಚಿಕೊಂಡ ಬಂಪ್ ರಬ್ಬರ್. ಅದು ಇದ್ದಲ್ಲೇ ಇದ್ದರೆ, ಹೇರು ಹೊತ್ತ ಗಾಡಿ ಗುಂಡಿಗೆ ಇಳಿದಾಗ ಗಾಲಿ ಹಳೆಯ ಜಾಗಕ್ಕೇ ಬಂದು ತಾಗುತ್ತದೆ. ಹಿಂದೆ ಅಲ್ಲಿಗೆ ಬರುತ್ತಿದ್ದುದು ಚಿಕ್ಕ ಟಾಯರ್, ಈಗ ದೊಡ್ಡದು, ಅಷ್ಟೇ ವ್ಯತ್ಯಾಸ. ಮೂರು ಇಂಚು ಏರಿಸಿದ್ದರಿಂದ ಬೀಳುವ ದೂರ ಮೂರು ಇಂಚು ಹೆಚ್ಚಾಯಿತು, ಬಿದ್ದು ತಲುಪುವ ಜಾಗ ಬದಲಾಗಲಿಲ್ಲ. ಚಾಸಿಗೂ ಬಾಡಿಗೂ ನಡುವೆ ಗುಟ್ಟಿ ಇಟ್ಟು ಬಾಡಿಯನ್ನೇ ಎತ್ತುವ ಒಂದು ಉಪಶಾಖೆಯಿದೆ. ಅದರಲ್ಲಿ ಮಡ್‌ಗಾರ್ಡ್ ನಿಜವಾಗಿಯೂ ಗಾಲಿಯಿಂದ ದೂರ ಹೋಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಸ್ಟೇರಿಂಗ್ ರಾಡು, ಗೇರ್ ಲಿವರು, ರೇಡಿಯೇಟರ್ ಪೈಪು ಇವೆಲ್ಲ ಚಾಸಿಯ ಕಡೆಯ ನೆಂಟರೋ ಬಾಡಿಯ ಕಡೆಯವರೋ ಎಂಬ ಪ್ರಶ್ನೆ ಆಗ ಏಳುತ್ತದೆ. ಆ ಜಗಳ ಬಗೆಹರಿಯುವವರೆಗೆ ಗಾಡಿ ಗ್ಯಾರೇಜಿನಲ್ಲೇ.

ಏರಿಕೆವಾದಕ್ಕೆ ಇಷ್ಟು ಮಂದಿ ಶಿಷ್ಯರು ಸಿಕ್ಕಿದ್ದಕ್ಕೆ ಕಾರಣ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಊರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಮೈತುಂಬ ಸುಕ್ಕು. ಅಡುಗೆಯವರು ಬಣ್ಣ ನೋಡುತ್ತಾರೆ. ಘರ್ಷಣಶಾಸ್ತ್ರಜ್ಞ ನೋಡಬೇಕಾದದ್ದು ಸುಕ್ಕನ್ನು. ಒಣಗಿ ಮುರುಟಿದ ಕಾಯಿಗಳ ಚೀಲದಲ್ಲಿ ಕಾಯಿಗಿಂತ ಗಾಳಿಯೇ ಹೆಚ್ಚು. ಸೋಮವಾರ, ಗುರುವಾರದ ಪೇಟೆಗೆ ಚೀಲದ ಮೇಲೆ ಚೀಲ ಒಟ್ಟಿ, ಹಗ್ಗ ಜಗ್ಗಿ ಕಟ್ಟಿ, ಕ್ಯಾಬಿನ್ನಿನ ಎರಡರಷ್ಟು ಎತ್ತರ ಹೇರಿಕೊಂಡು ಬರುವ ಪಿಕಪ್ ನೋಡುವವರಿಗೆ ಬೆಟ್ಟ, ಪಾಟಾಕ್ಕೆ ಹತ್ತಿ. ಪಾಟಾ ಕೂರುವುದಿಲ್ಲ, ಟಾಯರ್ ಹತ್ತುವುದಿಲ್ಲ, ಮಾಲೀಕ ‘ನೋಡ್ರಿ, ಇಷ್ಟು ಲೋಡಿನ್ಯಾಗೂ ಹತ್ತಲಿಲ್ಲ’ ಎಂದು ಎದೆ ತಟ್ಟುತ್ತಾನೆ. ಅದೇ ಗಾಡಿ ಮರುದಿನ ರಾಣೇಬೆನ್ನೂರಿನ ಕಡೆ ಗೋವಿನಜೋಳ ಹೇರಲಿ. ಹೇರು ಕಣ್ಣಿಗೆ ಅರ್ಧಕ್ಕೂ ಕಡಿಮೆ, ತೂಕ ಪೂರ್ತಿ; ಮೊದಲ ಹಂಪಿನಲ್ಲೇ ಹಿಂದಿನ ಮಡ್‌ಗಾರ್ಡ್ ಮಾತಾಡತೊಡಗುತ್ತದೆ. ಬ್ಯಾಡಗಿಯಲ್ಲಿ ಸಿದ್ಧಾಂತವಾದದ್ದು ರಾಣೇಬೆನ್ನೂರಿನಲ್ಲಿ ಅಪವಾದವಾಯಿತು. ಮೆಣಸಿನಕಾಯಿಯ ಮೇಲೆ ನಿಂತ ಸಿದ್ಧಾಂತವು ಗೋವಿನಜೋಳದ ಕೆಳಗೆ ನಿಲ್ಲಬೇಕು. ನಿಲ್ಲದಿದ್ದರೆ ಅದು ಸಿದ್ಧಾಂತವಲ್ಲ, ಹವಾಮಾನ. ಹವಾಮಾನ ಎಂದ ಮೇಲೆ ಮಳೆಯ ಮಾತು ಬಂತು. ಎರಿ ಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಮಣ್ಣು ಟಾಯರಿಗೆ ಮೆತ್ತಿ, ಟಾಯರಿನಿಂದ ಮಡ್‌ಗಾರ್ಡಿಗೆ ಮೆತ್ತಿ, ಎರಡೂ ಕಡೆಯಿಂದ ಸಂದನ್ನು ತುಂಬುತ್ತದೆ. ಬೇಸಿಗೆಯಲ್ಲಿ ಕೈ ಹಾಯುತ್ತಿದ್ದಲ್ಲಿ ಶ್ರಾವಣದಲ್ಲಿ ಕಡ್ಡಿ ಹಾಯದು.

ಪ್ರತಿಪಕ್ಷದವರ ಮಾತನ್ನೂ ಕೇಳಬೇಕಲ್ಲ. ನಮ್ಮ ಹೊಲದ ದಾರಿಗೆ ಎತ್ತರ ಬೇಕೇ ಬೇಕು, ಕಲ್ಲು ಬಡಿಯುತ್ತದೆ ಎನ್ನುತ್ತಾರೆ. ನಿಜ. ಆದರೆ ಕಲ್ಲು ಬಡಿಯುವುದು ಹಿಂದಿನ ಹೌಸಿಂಗಿನ ನಡುವಿನ ಗುಂಡು ಭಾಗಕ್ಕೆ. ಪಾಟಾ ಏರಿಸಿದರೆ ಅದರ ಮೇಲಿನದೆಲ್ಲ ಏರುತ್ತದೆ. ಗುಂಡು ಪಾಟಾದ ಕೆಳಗೆ ಗಾಲಿಯ ಅಚ್ಚಿನಲ್ಲೇ ಉಳಿಯುತ್ತದೆ. ಅದನ್ನು ಏರಿಸುವುದು ಟಾಯರ್ ಮಾತ್ರ, ಅದೂ ಆಗಲೇ ಹೇಳಿದ 15 ಮಿಲಿಮೀಟರ್. ಮಡ್‌ಗಾರ್ಡಿನ ಅಂಚನ್ನೇ ಕತ್ತರಿಸಿ ಒಗೆದರಾಯಿತು ಎನ್ನುವ ಕತ್ತರಿವಾದಿಗಳಿಗೆ ಉತ್ತರ ಚಿಕ್ಕದು: ಕತ್ತರಿಸಿದ ತಗಡು ತುಕ್ಕು ಹಿಡಿಯುತ್ತದೆ, ಹಿಡಿಯುವ ಮೊದಲು ಟಾಯರ್ ಕೊಯ್ಯುತ್ತದೆ. ಸ್ಟೇರಿಂಗಿನ ಸ್ಟಾಪ್ ಬೋಲ್ಟನ್ನು ಹೊರಗೆ ಬಿಚ್ಚಿ ಫುಲ್ ಕಟ್ ಬೀಳದಂತೆ ಮಾಡುವ ಮತ್ತೊಂದು ಪಂಥ ತಾರ್ಕಿಕವಾಗಿ ಗಟ್ಟಿ, ಏಕೆಂದರೆ ಅದು ಮೂರು ಸುಖಗಳಲ್ಲಿ ಒಂದನ್ನು ನಿಜವಾಗಿಯೂ ಬಿಟ್ಟುಕೊಡುತ್ತದೆ. ತೊಂದರೆಯಿರುವುದು ತರ್ಕದಲ್ಲಲ್ಲ, ಬ್ಯಾಡಗಿಯಲ್ಲಿ. ಮುಖ್ಯರಸ್ತೆಯ ಅಗಲೀಕರಣವೇ ವರ್ಷಗಟ್ಟಲೆ ಜಗಳವಾದ ಊರಿನಲ್ಲಿ ಗಾಡಿ ತಿರುಗಲು ಹೆಚ್ಚು ಜಾಗ ಕೇಳುವುದು ಧೈರ್ಯದ ಕೆಲಸ. (ಆ ಜಗಳವೂ ಮೂಲತಃ ದೊಡ್ಡ ಟಾಯರಿಗೂ ಹಳೆಯ ಮಡ್‌ಗಾರ್ಡಿಗೂ ನಡುವಿನದೇ, ಆದರೆ ಅದು ಬೇರೆ ಪ್ರಬಂಧದ ವಸ್ತು.)

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸೌಂದರ್ಯಶಾಸ್ತ್ರದ್ದು: ಏನೇ ಹೇಳ್ರಿ, ಎತ್ತರದ ಗಾಡಿಗೆ ಒಂದು ಗತ್ತು ಇರತೈತಿ. ಗತ್ತಿನ ವಿಷಯದಲ್ಲಿ ಈ ಜಿಲ್ಲೆಗೆ ಪಾಠ ಹೇಳಲು ಹೊರಗಿನವರು ಬೇಕಿಲ್ಲ. ದೀಪಾವಳಿಯ ಹೊತ್ತಿಗೆ ಊರೂರಲ್ಲಿ ಕೊಬ್ಬರಿ ಹೋರಿ ಬಿಡುತ್ತಾರೆ. ಮೈಮೇಲೆ ಕೊಬ್ಬರಿ ಸರ, ಬಲೂನು, ಝೂಲ, ಹೆಸರಿನ ಬೋರ್ಡು, ಏನುಂಟು ಏನಿಲ್ಲ. ಆದರೆ ಹೋರಿಯನ್ನು ಎತ್ತರ ಮಾಡಲು ಗೊರಸಿನ ಕೆಳಗೆ ಬ್ಲಾಕ್ ಇಟ್ಟವರುಂಟೇ? ಹೋರಿಯ ಕೀರ್ತಿಯೆಲ್ಲ ಇರುವುದು ಎರಡೂ ಕಡೆ ಕೈ ಚಾಚಿ ನಿಂತ ಜನರ ನಡುವೆ ಯಾರ ಕೈಗೂ ಹತ್ತದೆ ದಾಟಿಹೋಗುವುದರಲ್ಲಿ. ಹತ್ತಿತೋ, ಕೊಬ್ಬರಿ ಹೋಯಿತು, ಗತ್ತೂ ಹೋಯಿತು. ಇದೇ ಅಳತೆಗೋಲಿನಿಂದ ನೋಡಿದರೆ, ಸರ್ರ್ ಎನ್ನುತ್ತ ತಿರುಗುವ ಎತ್ತರದ ಪಿಕಪ್ ಅಖಾಡದ ಬಾಗಿಲಲ್ಲೇ ಕೊಬ್ಬರಿ ಕಳೆದುಕೊಂಡ ಹೋರಿ.

ಹಾವೇರಿಯ ಪಾತ್ರವನ್ನು ಕೊನೆಗೆ ಇಟ್ಟುಕೊಂಡದ್ದು ಉದ್ದೇಶಪೂರ್ವಕ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾಕೇಂದ್ರವಾದ ಈ ಊರಿಗೆ ಕೆಎ 27 ಎಂಬ ನಂಬರೂ ಅದನ್ನು ಕೊಡುವ ಆರ್‌ಟಿಒ ಕಚೇರಿಯೂ ಇವೆ. ಅಲ್ಲಿ ಹತ್ತುವ ಮಡ್‌ಗಾರ್ಡ್ ತಗಡಿನದಲ್ಲ, ಕಾಗದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಒಂದೊಂದಕ್ಕೂ ಎಂಬ ಮಾತನ್ನು ಬ್ಲಾಕು, ಪ್ಲೇಟು, ಗುಟ್ಟಿಗಳನ್ನು ಎಣಿಸುತ್ತ ಓದಬೇಕು.

ಆದ್ದರಿಂದ ತೀರ್ಪು: ಕಂಪನಿ ಹಾಕಿದ ಅಳತೆಯ ಟಾಯರೇ ಸಿದ್ಧಾಂತ, ಉಳಿದದ್ದೆಲ್ಲ ಪೂರ್ವಪಕ್ಷ. ಇದನ್ನು ಒಪ್ಪದ ವಿದ್ವಾಂಸರಲ್ಲಿ ಒಂದು ವಿನಂತಿ. ತಮ್ಮ ಗಾಡಿಗೆ ಆರ್‌ಸಿಯಲ್ಲಿ ಬರೆದಷ್ಟು ತೂಕದ ಗೋವಿನಜೋಳ ಹೇರಿ, ಮಳೆ ನಿಂತ ಮರುದಿನ ಎರಿ ಹೊಲದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮುಂದಿನ ಒಂದು ಗಾಲಿಯನ್ನು ಒಡ್ಡಿನ ಮೇಲೆ ಹತ್ತಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಫುಲ್ ಕಟ್ ಹೊಡೆದು, ಮುಂದಕ್ಕೂ ಹಿಂದಕ್ಕೂ ಓಡಿಸಿ. ಅದಕ್ಕೂ ಮೊದಲು ಟಾಯರಿನ ಭುಜಕ್ಕೆ ಸುತ್ತಲೂ ಸುಣ್ಣ ಹಚ್ಚಿರಬೇಕು. ಮಡ್‌ಗಾರ್ಡಿನೊಳಗೆ ಎಲ್ಲೂ ಬಿಳಿ ಗುರುತು ಕಾಣದಿದ್ದರೆ ಈ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಗುವುದು. ಸುಣ್ಣ ನೀವೇ ತನ್ನಿ.