ಕಟಕಟೆ ಹತ್ತಿದ ಟೊಮೆಟೊ

ಟೊಮೆಟೊ ಹಣ್ಣು ಎಂದು ಪಟ್ಟು ಹಿಡಿದವರಲ್ಲಿ ಅತ್ಯಂತ ಪ್ರಾಮಾಣಿಕರು ನ್ಯೂಯಾರ್ಕಿನ ನಿಕ್ಸ್ ಎಂಬ ವ್ಯಾಪಾರಿ ಮನೆತನದವರು. ಅವರ ಕಾರಣ ಶುದ್ಧವಾಗಿ ದುಡ್ಡಿನದು, ಅದನ್ನವರು ಮುಚ್ಚಿಡಲೂ ಇಲ್ಲ. ಅಮೆರಿಕದ 1883ರ ಕಾಯ್ದೆಯಂತೆ ಹೊರದೇಶದ ತರಕಾರಿಗೆ ಶೇ. 10 ಸುಂಕ, ತಾಜಾ ಹಣ್ಣಿಗೆ ಮಾಫಿ. ವೆಸ್ಟ್ ಇಂಡೀಸ್‌ನಿಂದ 1886ರಲ್ಲಿ ಬಂದಿಳಿದ ಟೊಮೆಟೊಗೆ ಬಂದರಿನ ಸುಂಕಾಧಿಕಾರಿ ಹೆಡನ್ ವಸೂಲಿ ಮಾಡಿದ್ದೇ ತಡ, ವ್ಯಾಪಾರಿಗಳಿಗೆ ಸಸ್ಯಶಾಸ್ತ್ರದ ಮೇಲೆ ಭಕ್ತಿ ಉಕ್ಕಿತು. ಹೂವಿನ ಅಂಡಾಶಯ ಬಲಿತು ಬೀಜ ತುಂಬಿಕೊಂಡದ್ದು ಹಣ್ಣು, ಆದ್ದರಿಂದ ನಮ್ಮ ದುಡ್ಡು ವಾಪಸ್ ಕೊಡಿ ಎಂದರು. ಕೋರ್ಟಿನಲ್ಲಿ ಸಾಕ್ಷ್ಯವೆಂದು ನಿಘಂಟುಗಳನ್ನು ಓದಲಾಯಿತು. ಸರ್ಕಾರದ ವಕೀಲರು ಬಟಾಣಿ, ಬದನೆ, ಸೌತೆ, ಮೆಣಸಿನಕಾಯಿಯ ಅರ್ಥ ಓದಿದರು. ನಿಕ್ಸ್ ಪರದವರು ಆಲೂಗಡ್ಡೆ, ಎಲೆಕೋಸು, ಹೂಕೋಸು, ಕ್ಯಾರೆಟ್ಟಿನ ಅರ್ಥ ಓದಿ ತಿರುಗೇಟು ಕೊಟ್ಟರು. ಆ ದಾಖಲೆ ಇಂದಿಗೂ ಸಂತೆಗೆ ಹೊರಟವರ ಚೀಟಿಯಂತೆ ಕಾಣುತ್ತದೆ. ಕೊನೆಗೆ 1893ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೊರೇಸ್ ಗ್ರೇ, ಗಿಡದ ಲೆಕ್ಕದಲ್ಲಿ ಟೊಮೆಟೊ ಹಣ್ಣೇ ಇರಬಹುದು, ಆದರೆ ಜನ ಅದನ್ನು ಸೂಪು, ಮೀನು, ಮಾಂಸದ ಜೊತೆ ತಿನ್ನುತ್ತಾರೆಯೇ ಹೊರತು ಊಟದ ಕೊನೆಯ ಸಿಹಿಯಾಗಿ ಅಲ್ಲ, ಹಾಗಾಗಿ ತರಕಾರಿ ಎಂದು ತೀರ್ಪಿತ್ತರು.

ವಿಜ್ಞಾನವನ್ನು ಕೋರ್ಟು ತಿದ್ದಬಹುದೇ ಎಂದು ಮೂಗು ಮುರಿಯುವವರಿದ್ದಾರೆ. ಕೋರ್ಟು ತಿದ್ದಲಿಲ್ಲ, ಅದನ್ನು ಅದರ ಜಾಗದಲ್ಲಿ ಕೂರಿಸಿತು, ಅಷ್ಟೆ. ಸಸ್ಯಶಾಸ್ತ್ರದ ಮಾತನ್ನೇ ಅಡುಗೆಮನೆಗೆ ತಂದರೆ ಬದನೆ, ಬೆಂಡೆ, ಹೀರೆ, ಪಡವಲ ಎಲ್ಲವೂ ಹಣ್ಣು. ಹಾಗಲಕಾಯಿಗೂ ಆ ಮರ್ಯಾದೆ ಸಲ್ಲುತ್ತದೆ. ಅತ್ತ ಸ್ಟ್ರಾಬೆರಿಯಲ್ಲಿ ನಾವು ಚಪ್ಪರಿಸುವ ಕೆಂಪು ತಿರುಳು ನಿಜವಾದ ಹಣ್ಣಲ್ಲ, ಉಬ್ಬಿದ ಹೂಪೀಠ. ಅದರ ಮೈಮೇಲಿನ ಚುಕ್ಕೆಗಳೇ ಹಣ್ಣುಗಳು. ಇಷ್ಟು ತಿಳಿದುಕೊಂಡು ತರಕಾರಿ ಅಂಗಡಿಗೆ ಹೋದವರು ಬರಿಗೈಲಿ ಮರಳುವ ಸಂಭವವೇ ಹೆಚ್ಚು.

ಹೆಚ್ಚು ಗಟ್ಟಿಯಾದ ಆಕ್ಷೇಪ ನಮ್ಮ ಬಾಳೆಲೆಯಿಂದ ಏಳುತ್ತದೆ. ಗ್ರೇ ಸಾಹೇಬರು ತಮ್ಮ ಮೇಜೊಂದನ್ನೇ ನೋಡಿ ಬರೆದರು. ಅವರನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂರಿಸಿದ್ದರೆ ಅನಾನಸ್ ಗೊಜ್ಜು, ಮಾವಿನಹಣ್ಣಿನ ಸಾಸಿವೆ ಎರಡೂ ಅನ್ನದ ಪಕ್ಕಕ್ಕೆ ಬಂದು ಬೀಳುತ್ತಿದ್ದವು. ತೀರ್ಪಿನ ಪ್ರಕಾರ ಮಾವು ತರಕಾರಿ. ಹಲ್ವಾ ಆಗಿ ಬರುವ ಕ್ಯಾರೆಟ್ ಹಣ್ಣು! ಹಾಗೆಂದು ಅಡುಗೆಮನೆಯ ಸಾಕ್ಷ್ಯವನ್ನೇ ತಳ್ಳಿಹಾಕಬೇಕಿಲ್ಲ, ಇನ್ನೊಂದು ಪ್ರಶ್ನೆ ಸೇರಿಸಿದರೆ ಸಾಕು: ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಇದನ್ನು ಒಯ್ಯುತ್ತೀರಾ? ಅನಾನಸ್ ಗೊಜ್ಜಾದರೂ ಅದಕ್ಕೆ ಆಸ್ಪತ್ರೆಯ ಬಾಗಿಲು ತೆರೆದಿದೆ. ಒಂದು ಕಿಲೋ ಟೊಮೆಟೊ ಹಿಡಿದು ಹೋದರೆ, ಸಾರು ಮಾಡಿಕೊಡಲು ಬಂದಿದ್ದಾರೆ ಎಂದೇ ರೋಗಿ ತಿಳಿದಾನು. ನಿಂಬೆಹಣ್ಣನ್ನು ಯಾರೂ ಸುಲಿದು ತಿನ್ನುವುದಿಲ್ಲವಲ್ಲ ಎನ್ನುವಿರೇನೋ. ಹೌದು, ಆದರೆ ದೊಡ್ಡವರ ಕೈಗೆ ಅದನ್ನಿಟ್ಟು ನಮಸ್ಕರಿಸುತ್ತೇವೆ. ಆ ಗೌರವ ಟೊಮೆಟೊಗಿಲ್ಲ. ದೊಡ್ಡವರತ್ತ ಅದು ಸಾಗುವ ರೀತಿಯೇ ಬೇರೆ, ಸಾಮಾನ್ಯವಾಗಿ ದೂರದಿಂದ.

ಯುರೋಪಿನವರು ಈ ಪ್ರಶ್ನೆಗೂ ಜಗ್ಗಲಾರರು. ಅಲ್ಲಿನ ಒಕ್ಕೂಟ 2001ರಲ್ಲಿ ಹೊರಡಿಸಿದ ಜಾಮ್ ನಿಯಮದ ಮಟ್ಟಿಗೆ ಟೊಮೆಟೊ ಮಾತ್ರವಲ್ಲ, ಕ್ಯಾರೆಟ್, ಗೆಣಸು, ಸೌತೆಯೂ ಹಣ್ಣೇ. ಜಾಮ್ ಹಣ್ಣಿನಿಂದಲೇ ಆಗಬೇಕು, ಕ್ಯಾರೆಟ್ ಜಾಮ್ ಮಾರಾಟವೂ ಆಗಬೇಕು, ಆದ್ದರಿಂದ ಕ್ಯಾರೆಟ್ಟೇ ಹಣ್ಣಾಗಲಿ! ಇದನ್ನು ಅವಿವೇಕವೆಂದು ನಗುವುದು ಸುಲಭ. ನನಗಂತೂ ಗ್ರೇ ಅವರ ತರ್ಕವನ್ನೇ ಅವರು ಬಾಟಲಿಗೆ ತುಂಬಿದಂತೆ ಕಾಣುತ್ತದೆ. ಯಾವ ಕೆಲಸಕ್ಕೆ ಕರೆದಿದ್ದಾರೋ ಆ ಕೆಲಸದ ಹೆಸರು. ನಮ್ಮಲ್ಲಿ ಈ ವ್ಯಾಜ್ಯ ಹೂಡಲು ನಿಕ್ಸ್ ಮನೆತನದವರೇ ಬಂದರೂ ವಕೀಲರು ಫೈಲು ಮುಟ್ಟಲಾರರು. ಅಂಗಡಿಯ ತಾಜಾ ಹಣ್ಣಿಗೂ ಜಿಎಸ್‌ಟಿ ಇಲ್ಲ, ತಾಜಾ ತರಕಾರಿಗೂ ಇಲ್ಲ.